ಕಿಟಾದ ಫೋಟೋ ಫಾರಂ ನೋಡಿ ಗಾಬರಿ ಬೇಡ

ಮ್ಯೂನಿಕ್‌ಗೆ ಹೊಸದಾಗಿ ಬಂದವರು ನಿನ್ನೆ ಕೇಳಿದ್ದರಲ್ಲ, ಕಿಟಾದಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಮಗುವಿನ ಫೋಟೋಗೆ ಅಂತ ಇಷ್ಟುದ್ದದ ಫಾರಂ ಕೊಟ್ಟಿದ್ದಾರೆ, ಎಲ್ಲಕ್ಕೂ ಸಹಿ ಹಾಕಲೇಬೇಕಾ ಅಂತ. ಬೇಡ. ತರಗತಿಯ ಗೋಡೆಗೆ ಹಾಕುವುದು ಬೇರೆ, ವೆಬ್‌ಸೈಟಿಗೆ ಹಾಕುವುದು ಬೇರೆ. ನಿಮಗೆ ಸರಿ ಅನ್ನಿಸಿದ್ದಕ್ಕೆ ಮಾತ್ರ ಹೂಂ ಅನ್ನಿ. ಮನಸ್ಸು ಬದಲಾದರೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ತಗೊಳ್ಳಬಹುದು.

ಇದೆಲ್ಲ ಜಿಡಿಪಿಆರ್, ಅಂದರೆ ಜನರ ಖಾಸಗಿ ಮಾಹಿತಿ ಕಾಯುವ ಯುರೋಪಿಯನ್ ಒಕ್ಕೂಟದ ಕಾನೂನಿನ ಮಹಿಮೆ. 2018ರ ಮೇ 25ಕ್ಕೆ ಅದು ಜಾರಿಗೆ ಬಂದಾಗ ನಾವು ಇಲ್ಲೇ ಇದ್ದೆವು. ಆಗಿನ ಗಲಾಟೆ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಡೊರ್ಮಾಗೆನ್ ಊರಿನ ಒಂದು ಕಿಟಾದಲ್ಲಿ, ಬಿಟ್ಟು ಹೋಗುವ ಮಕ್ಕಳಿಗೆ ಕೊಟ್ಟ ನೆನಪಿನ ಫೋಟೋಗಳಲ್ಲಿ ಆ ಮಗುವಿನದೊಂದು ಬಿಟ್ಟು ಮಿಕ್ಕ ಮುಖಗಳಿಗೆಲ್ಲ ಕಪ್ಪು ಬಳಿದಿದ್ದರು! ವಿಯೆನ್ನಾದಲ್ಲಿ ನಗರಸಭೆಯ ಸುಮಾರು 2,20,000 ಮನೆಗಳ ಕಾಲಿಂಗ್ ಬೆಲ್ ಪಕ್ಕದ ಹೆಸರು ತೆಗೆಯಲು ಹೊರಟರು. ಜರ್ಮನಿಯಲ್ಲೂ ಅದೇ ಗುಲ್ಲು ಎದ್ದಿತು. ಹಾಗೇನೂ ಬೇಕಿಲ್ಲ ಅಂತ ಇಲ್ಲಿನ ಡೇಟಾ ರಕ್ಷಣಾ ಅಧಿಕಾರಿಯೇ ಹೇಳಬೇಕಾಯಿತು. ದಂಡ 2 ಕೋಟಿ ಯೂರೋ, ಇಲ್ಲವೇ ಕಂಪನಿಯ ಜಾಗತಿಕ ವಹಿವಾಟಿನ ಶೇ. 4, ಯಾವುದು ಜಾಸ್ತಿಯೋ ಅದರವರೆಗೆ ಹೋಗಬಹುದು ಅಂತ ಕೇಳಿದ್ದೇ ತಡ, ಸಣ್ಣ ಸಂಘಗಳವರ ಎದೆಯೂ ಢವಢವ. ಕಾನೂನು ಹೇಳದೆ ಇದ್ದದ್ದನ್ನೂ ಭಯ ಮಾಡಿಸಿತು, ಅಷ್ಟೇ.

ಆದರೆ ಜರ್ಮನ್ನರದು ಸುಮ್ನೆ ಹುಚ್ಚು ಅನ್ನುವ ಹಾಗೂ ಇಲ್ಲ. ಪೂರ್ವ ಜರ್ಮನಿಯಲ್ಲಿ ಸ್ಟಾಸಿ ಅನ್ನುವ ಗುಪ್ತ ಪೊಲೀಸರು ಪಕ್ಕದ ಮನೆಯವರಿಂದಲೇ ಸುದ್ದಿ ತರಿಸಿಕೊಂಡು ಫೈಲು ಬರೆದಿಡುತ್ತಿದ್ದರು. ಪಶ್ಚಿಮದ ಹೆಸ್ಸೆ ರಾಜ್ಯವಂತೂ 1970ರಲ್ಲೇ ಡೇಟಾ ರಕ್ಷಣೆಗೆ ಕಾನೂನು ಮಾಡಿತ್ತು, ಜಗತ್ತಿನಲ್ಲೇ ಮೊದಲು. ನಮ್ಮ ಕೆಳಮನೆಯ ಅಜ್ಜಿ ಇವತ್ತಿಗೂ ಅಂಗಡಿಯಲ್ಲಿ ಪಾಯಿಂಟ್ಸ್ ಕಾರ್ಡ್ ಕೊಟ್ಟರೆ ಮುಟ್ಟುವುದಿಲ್ಲ.

ನಮ್ಮಂಥವರು ಸಿಕ್ಕಿಬೀಳುವ ಜಾಗ ಬೇರೆ. ಮಗಳ ಹುಟ್ಟುಹಬ್ಬದ ಫೋಟೋವನ್ನು ಮೈಸೂರಿಗೆ ಕಳಿಸಿದೆ. ಅತ್ತೆಯವರು ಖುಷಿಯಿಂದ ಫೇಸ್‌ಬುಕ್‌ಗೆ ಏರಿಸಿ ನನ್ನನ್ನೂ ಟ್ಯಾಗ್ ಮಾಡಿದರು. ಅದರಲ್ಲಿ ಬೇರೆಯವರ ಮಕ್ಕಳು ಐದು ಜನ. ಒಬ್ಬ ತಾಯಿ ಫೋನ್ ಮಾಡಿ, ಜಗಳವಾಡದೆ, ತೆಗೆಸಿ ಅಂದರು. ಮನೆಯವರ ನಡುವೆ ಖಾಸಗಿಯಾಗಿ ಇಟ್ಟುಕೊಳ್ಳುವ ಫೋಟೋಗೆ ಈ ಕಾನೂನು ಬರುವುದಿಲ್ಲ. ಊರಿಗೆಲ್ಲ ಕಾಣುವ ಹಾಗೆ ಹಾಕಿದರೆ ಮಾತು ಬೇರೆ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಒಬ್ಬ ಅಜ್ಜಿ ಫೇಸ್‌ಬುಕ್‌ಗೆ ಹಾಕಿದ್ದ ಮೊಮ್ಮಕ್ಕಳ ಫೋಟೋ ಅಳಿಸಲು ಒಪ್ಪದೆ, ಮಗಳೇ ಕೋರ್ಟಿಗೆ ಹೋದಳು. ಅಳಿಸದಿದ್ದರೆ ದಿನಕ್ಕೆ 50 ಯೂರೋ ದಂಡ, 1,000 ಯೂರೋವರೆಗೆ, ಅಂತ ಆದೇಶವಾಯಿತು.

ಅತ್ತೆಗೆ ಸ್ವಲ್ಪ ಬೇಜಾರಾಯಿತು. "ಫೋಟೋ ಹಾಕಿದ್ರೆ ಮಕ್ಕಳು ಸವೆದುಹೋಗ್ತಾರಾ?" ಅಂದರು. ಇದು ಬರೀ ಯುರೋಪಿನವರ ಶೋಕಿ ಅಲ್ಲಮ್ಮ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯಕ್ಕೆ ಹಾಕಿದ ಕೇಸಿನಲ್ಲೇ, 2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅಂದೆ. ಅವರೇನೂ ಮಾತಾಡಲಿಲ್ಲ, ಫೋಟೋ ಮಾತ್ರ ಸಂಜೆಯೊಳಗೆ ಹೋಗಿತ್ತು.

ಈಗ ನಮ್ಮ ಮನೆಯಲ್ಲಿ ಮಗಳನ್ನೂ ಕೇಳಿಯೇ ಕಳಿಸುವುದು. ಹೋದ ವಾರ ಮುಂದಿನ ಎರಡು ಹಲ್ಲು ಬಿದ್ದಿವೆ. ಅಜ್ಜಿಗೆ ಓಕೆ, ಚಿಕ್ಕಪ್ಪನಿಗೆ ಬೇಡವಂತೆ, ಅವನು ನಗ್ತಾನೆ.