ಸಹಾಯ ಬೇಕು: ಎದೆಮೂಳೆಗೆ ಥ್ರೀಡಿ ಪ್ರಿಂಟ್ ಇಂಪ್ಲಾಂಟ್ ಹಾಕಿಸಿದವರು ಇದ್ದೀರಾ?

ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ನಮ್ಮ ಭಾವನಿಗೆ ಎದೆಯ ನಡುಮೂಳೆಯಲ್ಲಿ ಗಡ್ಡೆ ಆಗಿದೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಳ್ಳುತ್ತಾರೆ, ನೋಡಲು ಆಗುವುದಿಲ್ಲ. ಆ ಮೂಳೆ, ಜೊತೆಗೆ ಪಕ್ಕೆಲುಬಿನ ತುದಿಗಳನ್ನೂ ತೆಗೆಯಬೇಕಂತೆ. ತೆಗೆದ ಜಾಗ ಹಾಗೇ ಖಾಲಿ ಬಿಟ್ಟರೆ ಉಸಿರು ಎಳೆದಾಗ ಎದೆ ಒಳಕ್ಕೆ ಕುಸಿಯುತ್ತದೆ. ಅದಕ್ಕೆ ಮೆಶ್ (ಜಾಲರಿ), ಬೋನ್ ಸಿಮೆಂಟ್ (ಹಾಕಿದ ಮೇಲೆ ಗಟ್ಟಿಯಾಗುವ ವಸ್ತು) ಹಾಕೋಣ ಅಂದಿದ್ದಾರೆ ಡಾಕ್ಟರು.

ಸಿ.ಟಿ. ಸ್ಕ್ಯಾನ್ ನೋಡಿ ರೋಗಿಯ ಅಳತೆಗೇ ಟೈಟಾನಿಯಂ ಲೋಹದಲ್ಲಿ ಇಂಪ್ಲಾಂಟ್ (ಕೃತಕ ಎದೆಮೂಳೆ) ಪ್ರಿಂಟ್ ಮಾಡುವುದೂ ಇದೆ. 2015ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 54 ವರ್ಷದವರೊಬ್ಬರಿಗೆ ಹಾಕಿದ್ದರು, ತಯಾರಾಗಿದ್ದು ಆಸ್ಟ್ರೇಲಿಯಾದಲ್ಲಿ.

ಮಣಿಪಾಲ, ಮಂಗಳೂರು, ಬೆಂಗಳೂರಲ್ಲಿ ಯಾರಾದರೂ ಮಾಡಿಸಿದ್ದೀರಾ? ಇಂಪ್ಲಾಂಟ್ ಕೈಗೆ ಬರಲು ಎಷ್ಟು ದಿನ ಹಿಡಿಯಿತು? ಗಡ್ಡೆ ಕಾಯುವುದಿಲ್ಲ ಅಲ್ವಾ, ಅದೇ ಜಾಸ್ತಿ ಭಯ. ಆಯುಷ್ಮಾನ್ ಕಾರ್ಡಿನಲ್ಲಿ ಖರ್ಚು ಸಿಕ್ಕಿತಾ? ಆಮೇಲೆ ಅಡಿಕೆ ಮೂಟೆ ಎತ್ತುವಷ್ಟು ಶಕ್ತಿ ಬಂತಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.