ಉಪ್ಪರಿಗೆಯ ಹಳೆ ಹಲಗೆ ನೆಲ: ಸ್ಯಾಂಡ್ ಪೇಪರ್ ಎರಡೇ ನಿಮಿಷಕ್ಕೆ ಅಂಟು ಹಿಡಿಯುತ್ತದೆ, ಎಂತ ಮಾಡುವುದು?

ಕಲ್ಯಾಣಪುರ_ಮನೆ:

ಎಲ್ಲರಿಗೂ ನಮಸ್ಕಾರ. ಕಲ್ಯಾಣಪುರದಲ್ಲಿ ನಮ್ಮ ಅಜ್ಜಿಯ ಮನೆ ಉಂಟು. ಕೆಳಗೆ ರೆಡ್ ಆಕ್ಸೈಡ್ ನೆಲ, ಮೇಲೆ ಉಪ್ಪರಿಗೆಗೆ ಪೂರ್ತಿ ಮರದ ಹಲಗೆ. ಒಂದೊಂದು ಹಲಗೆ ಎಂಟೊಂಬತ್ತು ಇಂಚು ಅಗಲ, ಸುಮಾರು ಒಂದಿಂಚು ದಪ್ಪ, ತೊಲೆಗೆ ಕಬ್ಬಿಣದ ಮೊಳೆ ಹೊಡೆದು ಕೂರಿಸಿದ್ದು. ಹತ್ತು ವರ್ಷ ಬೀಗ ಹಾಕಿದ್ದ ಮನೆ. ಅಮ್ಮನಿಗೆ ಅಲ್ಲೇ ಇರಬೇಕೆಂದು ಆಸೆ. ಹಾಗಾಗಿ ನವರಾತ್ರಿ ಮುಗಿದ ಮೇಲೆ ನಾನೂ ತಮ್ಮನೂ ಸೇರಿ ನೆಲ ಉಜ್ಜಲು ಶುರು ಮಾಡಿದೆವು.

80 ನಂಬರಿನ ಪೇಪರ್ ಹಾಕಿ ಆರ್ಬಿಟಲ್ ಸ್ಯಾಂಡರ್ ಓಡಿಸಿದರೆ ಎರಡು ನಿಮಿಷದಲ್ಲಿ ಪೇಪರ್ ತುಂಬಾ ಕಪ್ಪು ಅಂಟು. ಹಳೆ ಬೆಲ್ಲದ ಪಾಕದ ಹಾಗೆ ಉಂಡೆ ಕಟ್ಟುತ್ತದೆ. ಒಂದು ದಿನದಲ್ಲಿ ಮೂವತ್ತು ಪೇಪರ್ ಹಾಳಾಯಿತು. ತಮ್ಮ ಬೇಸತ್ತು ಗ್ರೈಂಡರಿಗೆ ಫ್ಲ್ಯಾಪ್ ಡಿಸ್ಕ್ ಹಾಕಿ ಉಜ್ಜಿದ. ಅಂಟೇನೋ ಹೋಯಿತು, ಆದರೆ ಅರ್ಧಚಂದ್ರದ ಹಾಗೆ ಗುಳಿ ಬಿದ್ದಿದೆ. ಉಜ್ಜಿದ ಜಾಗ ಅರಶಿನ ಹಚ್ಚಿದಷ್ಟು ಹಳದಿ! ಉಳಿದ ನೆಲ ಕಡು ಕಂದು. ಮೊಳೆಯ ಸುತ್ತ ಮತ್ತು ಹಂಚು ಸೋರಿದ ಕಡೆ ಕಪ್ಪು ಕಲೆ. ಇಬ್ಬರಿಗೂ ಮುಂಗೈಯಲ್ಲಿ ತುರಿಕೆ, ತಮ್ಮನಿಗೆ ಸಣ್ಣ ಗುಳ್ಳೆ ಎದ್ದಿವೆ.

ನೆಲ ಹಾಳು ಮಾಡಿಬಿಟ್ಟೆವಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಜೆಪ್ಪು_ಹಂಚು:

ಅಕ್ಕ, ಮೊದಲು ಗ್ರೈಂಡರ್ ಒಳಗಿಡಿ. ಹಾಳಾಗಿಲ್ಲ, ಹೆದರಬೇಡಿ. ಆ ಹಳದಿ ನೋಡಿದರೆ ಹಲಸಿನ ಮರವೇ.

ಮೂರು ವಿಷಯ ನೋಡಿ ಹೇಳಿ. ಒಂದು ಮೂಲೆಯಲ್ಲಿ ಸ್ಪಿರಿಟ್ ಹನಿ ಹಾಕಿ, ಐದು ನಿಮಿಷಕ್ಕೆ ಅಂಟಾದರೆ ಅದು ಅರಗಿನ ಪಾಲಿಶ್. ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಬಣ್ಣ ಬರುತ್ತದಾ ನೋಡಿ. ಆಮೇಲೆ ಹಲಗೆಗೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟು, ಅಡಿಯಲ್ಲಿ ಸಂದು ಕಾಣುತ್ತದಾ ನೋಡಿ. ಮನೆಯ ಹಿರಿಯರನ್ನೂ ಕೇಳಿ, ನೆಲಕ್ಕೆ ಹಿಂದೆ ಏನು ಹಚ್ಚುತ್ತಿದ್ದರು ಅಂತ.

ಕಲ್ಯಾಣಪುರ_ಮನೆ:

ನೋಡಿದೆ. ಸ್ಪಿರಿಟಿಗೆ ಏನೂ ಆಗಲಿಲ್ಲ. ಟರ್ಪೆಂಟೈನಿಗೆ ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅಮ್ಮ ಹೇಳಿದ್ದು: ಅಜ್ಜ ಒರಲೆ ಬಾರದ ಹಾಗೆ ಆಗಾಗ ಗೇರು ಎಣ್ಣೆ ಹಚ್ಚಿಸುತ್ತಿದ್ದರಂತೆ. ಪಟ್ಟಿ ಇಟ್ಟರೆ ಹಲಗೆಯ ಎರಡು ಅಂಚು ಎದ್ದು ನಡು ತಗ್ಗಾಗಿದೆ. ನಡುವಿನ ಸಂದಿಗೆ ಒಂದು ರೂಪಾಯಿ ನಾಣ್ಯ ಮಲಗಿಸಿ ತೂರಿಸಬಹುದು.

ಬಿಜೈ_ಉಳಿ_ಕೀಸುಳಿ:

ಹಾಗಾದರೆ ಎಲ್ಲ ಗೊತ್ತಾಯಿತು. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕೈ. ಗೇರುಬೀಜ ಸುಡುವಾಗ ಸೊನೆ ತಾಗಿ ಚರ್ಮ ಸುಲಿದದ್ದು ನಮ್ಮ ಊರಿನ ಮಕ್ಕಳಿಗೆಲ್ಲ ಗೊತ್ತು. ಈ ಎಣ್ಣೆ ಬರುವುದು ಅದೇ ಸಿಪ್ಪೆಯಿಂದ. ಹಳೆಯದಾಗಿ ಗಟ್ಟಿಯಾದರೆ ಉಪದ್ರ ಕಡಿಮೆ, ಆದರೆ ಮೆಷಿನಿನ ಬಿಸಿಗೆ ಮೆದುವಾಗಿ, ಧೂಳಾಗಿ ಬೆವರಿದ ಕೈಗೆ ಕೂತರೆ ತುರಿಸುತ್ತದೆ. ಉದ್ದ ತೋಳಿನ ಅಂಗಿ, ನೈಟ್ರೈಲ್ ಗ್ಲೌಸ್, ಕನ್ನಡಕ, ಸರಿಯಾದ ಧೂಳಿನ ಮಾಸ್ಕ್ ಇಲ್ಲದೆ ಮತ್ತೆ ಮುಟ್ಟಬೇಡಿ. ಗೇರು ಕಾರ್ಖಾನೆಯಲ್ಲಿ ಸಿಪ್ಪೆ ಒಡೆಯುವವರು ಕೈಗೆ ಎಣ್ಣೆ ಹಚ್ಚಿಕೊಂಡು ಕೂರುವುದು ಸುಮ್ಮನೆ ಅಲ್ಲ. ತಮ್ಮನ ಗುಳ್ಳೆ ಹರಡಿದರೆ ಡಾಕ್ಟರಿಗೆ ತೋರಿಸಿ. ಹೀಟ್ ಗನ್ ಹಿಡಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ, ಆ ಹೊಗೆ ಕಣ್ಣು ಗಂಟಲು ಉರಿಸಿಬಿಡುತ್ತದೆ.

ಪೇಪರ್ ತುಂಬುವುದು ಯಾಕೆ ಎಂದರೆ, ನೀವು ಉಜ್ಜುತ್ತಿರುವುದು ಮರವನ್ನಲ್ಲ, ಅಂಟನ್ನು. ನಯ ಪೇಪರ್ ಜೋರಾಗಿ ತಿರುಗಿದಷ್ಟೂ ಬಿಸಿ, ಬಿಸಿಯಾದಷ್ಟೂ ಅಂಟು. ಅದನ್ನು ಮೊದಲು ಹೆರೆದೇ ತೆಗೆಯಬೇಕು. ಒಳ್ಳೆಯ ಉಕ್ಕಿನ ಸ್ಕ್ರೇಪರ್ ತನ್ನಿ, ಎರಡು ಕೈಯಲ್ಲಿ ಹಿಡಿದು ಮರದ ಎಳೆಯ ಉದ್ದಕ್ಕೆ ನಿಮ್ಮ ಕಡೆಗೆ ಎಳೆಯಿರಿ. ಹಿಂದೆ ಆಚಾರ್ರು ಗಾಜಿನ ಚೂರಿನಲ್ಲಿ ಹೆರೆಯುತ್ತಿದ್ದರು. ಬಾಯಿ ಹರಿತ ಉಂಟಾ ಇಲ್ಲವಾ ಎಂದು ನೋಡಲು ಒಂದೇ ಗುರುತು: ಸುರುಳಿ ಬಂದರೆ ಸರಿ, ಪುಡಿ ಬಂದರೆ ಅರ ಹಾಕಿ ಮತ್ತೆ ಹರಿತ ಮಾಡಿ. ಗಟ್ಟಿ ಹಿಡಿದ ಕಡೆ ಟರ್ಪೆಂಟೈನ್ ಒದ್ದೆ ಬಟ್ಟೆ ಹದಿನೈದು ನಿಮಿಷ ಹಾಸಿಟ್ಟು ಹೆರೆಯಿರಿ. ಕಿಟಕಿ ತೆರೆದಿರಲಿ. ನೆಲ ಪೂರ್ತಿ ಒಣಗುವ ತನಕ ಮೆಷಿನ್ ಹಚ್ಚಬೇಡಿ, ಮೊಳೆಗೆ ತಾಗಿ ಕಿಡಿ ಹಾರಿದರೆ ಕಷ್ಟ. ಮೊಳೆಗಳ ತಲೆಯನ್ನು ಪಂಚ್ ಇಟ್ಟು ಮೂರು ಮಿಲಿಮೀಟರ್ ಒಳಗೆ ಇಳಿಸಿ.

ಈಗ ಮುಖ್ಯ ಮಾತು. ಮೆಷಿನ್ ಕೆಲಸ ಈಗ ಮಾಡಬೇಡಿ. ಅಂಚು ಎದ್ದದ್ದು ಹಲಗೆಯ ಅಡಿ ಬದಿ ಇನ್ನೂ ಮಳೆಗಾಲದ ತೇವದಲ್ಲಿ ಇರುವುದಕ್ಕೆ. ಕೆಳಗಿನ ಕೋಣೆ ಹತ್ತು ವರ್ಷ ಮುಚ್ಚಿಯೇ ಇತ್ತಲ್ಲ. ಈಗ ಆ ಅಂಚನ್ನು ಉಜ್ಜಿ ಸಮ ಮಾಡಿದರೆ, ಒಣಗಿ ಹಲಗೆ ಚಪ್ಪಟೆಯಾದಾಗ ನಡು ಉಬ್ಬಿ ಅಂಚು ತಗ್ಗಾಗಿ ನಿಲ್ಲುತ್ತದೆ. ಆಮೇಲೆ ಮತ್ತೆ ಉಜ್ಜಬೇಕು, ಒಂದಿಂಚು ಹಲಗೆಯಲ್ಲಿ ಎಷ್ಟು ಸಲ ಉಜ್ಜುತ್ತೀರಿ? ಹಂಚು ಮೊದಲು ಸರಿ ಮಾಡಿಸಿ. ಮೇಲೆ ಕೆಳಗೆ ಎರಡೂ ಕಡೆ ಕಿಟಕಿ ತೆರೆದಿಡಿ. ವಾರಕ್ಕೊಮ್ಮೆ ಅದೇ ಹಲಗೆಗೆ ಅದೇ ಪಟ್ಟಿ ಇಟ್ಟು ನೋಡಿ. ಸಂದು ಕಡಿಮೆಯಾಗುವುದು ನಿಂತ ಮೇಲೆ ಮಾತ್ರ ಮೆಷಿನ್. ನಮ್ಮ ಕಡೆ ಅದು ಡಿಸೆಂಬರ್ ಕೊನೆಗೆ, ಜನವರಿಗೆ.

ಉಜ್ಜುವಾಗ 40, 60, 80, 120 ನಂಬರಿನ ಪೇಪರ್ (ನಂಬರ್ ಹೆಚ್ಚಾದಷ್ಟೂ ನಯ), ಈ ಸಾಲಿನಲ್ಲಿ ಒಂದನ್ನೂ ಬಿಡಬೇಡಿ. 40ರ ಗೀರನ್ನು 120 ತೆಗೆಯುವುದಿಲ್ಲ, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಗ್ರೈಂಡರಿನ ಗುಳಿಯನ್ನು ಪೂರ್ತಿ ತೆಗೆಯಲು ಹೋಗಿ ಸುತ್ತಲೂ ತಗ್ಗು ಮಾಡಬೇಡಿ, ಅಂಚನ್ನು ಸ್ಕ್ರೇಪರಿನಲ್ಲಿ ಇಳಿಜಾರು ಮಾಡಿದರೆ ಸಾಕು.

ಹಳದಿಗೆ ಚಿಂತೆ ಬೇಡ. ಹಲಸಿನ ಮರದಲ್ಲಿ ಮೋರಿನ್ ಎಂಬ ಬಣ್ಣ ಉಂಟು. ಬರ್ಮಾದ ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಬಣ್ಣ ಕಟ್ಟುತ್ತಿದ್ದದ್ದು ಇದೇ ಮರದ ಚಕ್ಕೆಯಿಂದ. ಬೆಳಕು ಬಿದ್ದ ಹಾಗೆ ತಾನಾಗಿ ಜೇನು ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಈಗಲೇ ಸ್ಟೇನ್ ಹಚ್ಚಿದರೆ ಮುಂದೆ ವಿಪರೀತ ಕಪ್ಪಾದೀತು.

ಕಪ್ಪು ಕಲೆ ಮರದ ಒಗರು, ನೀರು ಮತ್ತು ಕಬ್ಬಿಣ ಸೇರಿ ಆದದ್ದು, ಉಜ್ಜಿದರೆ ಹೋಗುವುದಿಲ್ಲ. ಮರ ಬರಿದಾದ ಮೇಲೆ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಬ್ರಷ್‌ನಲ್ಲಿ ಹಚ್ಚಿ. ಅದು ವಿಷ. ಗ್ಲೌಸ್ ಬೇಕು, ಮಕ್ಕಳು ಹತ್ತಿರ ಬಾರದಿರಲಿ. ಒಣಗಿದ ಮೇಲೆ ಎರಡು ಮೂರು ಸಲ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಹಾಗೆ ಒರೆಸದೆ ಉಜ್ಜಿದರೆ ಅದೇ ಪುಡಿ ಮೂಗಿಗೆ ಹೋಗುತ್ತದೆ.

ಕಟಪಾಡಿ_ಆಚಾರಿ:

ಬಿಜೈಯವರು ಹೇಳಿದ್ದು ಸರಿ. ಮೇಲೆ ಏನು ಹಚ್ಚುವುದು ಎಂಬುದಕ್ಕೆ ನನ್ನದೊಂದು ಮಾತು. ಅರಗಿನ ಪಾಲಿಶ್ ನೆಲಕ್ಕೆ ಬೇಡ, ಮಳೆಗಾಲದಲ್ಲಿ ಬಿಳಿಚಿಕೊಳ್ಳುತ್ತದೆ. ಅಗಸೆ ಎಣ್ಣೆ ನನಗೆ ಇಷ್ಟ, ಎಲ್ಲಿ ಸವೆಯಿತೋ ಅಲ್ಲಿಗೆ ಮಾತ್ರ ಹಚ್ಚಿದರಾಯಿತು. ಆದರೆ ಜೂನ್ ಬಂದರೆ ಅದರ ಮೇಲೆ ಬೂಷ್ಟು ಕೂರುತ್ತದೆ, ದಿನಾ ಒರೆಸುವವರು ಬೇಕು. ವಯಸ್ಸಾದ ಅಮ್ಮ ಇರುವ ಮನೆಗೆ ನಾನಾದರೆ ಮ್ಯಾಟ್ ಪಿಯು, ಅಂದರೆ ಹೊಳಪಿಲ್ಲದ ಪಾಲಿಯುರೆಥೇನ್ ವಾರ್ನಿಶ್, ಹೇಳುತ್ತೇನೆ. ಹೊಳಪಿನದ್ದು ಜಾರುತ್ತದೆ. ತೆಳುವಾಗಿ ಮೂರು ಕೋಟ್, ನಡುನಡುವೆ 220ರಲ್ಲಿ ಹಗುರ ಕೈ. ಹಳೆ ಗೇರು ಎಣ್ಣೆಯ ಮೇಲೆ ಹಿಡಿಯುತ್ತದಾ ಎಂದು ಮೊದಲು ಒಂದು ಮೂಲೆಯಲ್ಲಿ ಹಚ್ಚಿ ಎರಡು ದಿನ ಬಿಡಿ. ಉಗುರಿಗೆ ಸುಲಿದು ಬಂದರೆ ಇನ್ನೂ ಹೆರೆಯಬೇಕು ಎಂದು ಅರ್ಥ.

ಬೇಸಗೆಯಲ್ಲಿ ಹಲಗೆ ಹಲಗೆಯ ನಡುವೆ ಕಾಣುವ ಸಂದಿಗೆ ಪುಟ್ಟಿ ತುಂಬಬೇಡಿ. ಮಳೆಗೆ ಹಲಗೆ ಉಬ್ಬಿದಾಗ ಪುಟ್ಟಿಯನ್ನು ಹೊರಗೆ ತಳ್ಳುತ್ತದೆ. ತೀರಾ ಅಗಲ ಇದ್ದರೆ ಹಲಸಿನದ್ದೇ ತೆಳು ಪಟ್ಟಿ ಸೀಳಿ, ಒಂದೇ ಬದಿಗೆ ಅಂಟು ಹಾಕಿ ಕೂರಿಸಿ.

ಮತ್ತೆ, ಎಣ್ಣೆ ಅಥವಾ ಟರ್ಪೆಂಟೈನ್ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುತ್ತದೆ. ಅಂಗಳದಲ್ಲಿ ಬಿಡಿಸಿ ಒಣಗಿಸಿ, ಇಲ್ಲವೇ ನೀರಿನ ಬಕೆಟಿಗೆ ಹಾಕಿ. ಮರದ ಮನೆ, ಮರೆಯಬೇಡಿ.

ಕಲ್ಯಾಣಪುರ_ಮನೆ (ಮೂರು ತಿಂಗಳ ನಂತರ):

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಹೆರೆಯಲು ಹನ್ನೊಂದು ದಿನ ಬೇಕಾಯಿತು. ಸುರುಳಿ ಬರುವ ಹದ ಸಿಕ್ಕಿದ ಮೇಲೆ ತಮ್ಮ ಮೆಷಿನ್ ಕೇಳಲೇ ಇಲ್ಲ. ಡಿಸೆಂಬರ್ ಕೊನೆಗೆ ಪಟ್ಟಿಯ ಅಡಿಯಲ್ಲಿ ನಾಣ್ಯ ಹೋಗುವುದು ನಿಂತಿತು, ಒಂದು ಪೋಸ್ಟ್ ಕಾರ್ಡ್ ಮಾತ್ರ ತೂರುತ್ತಿತ್ತು. ಆಮೇಲೆ ಉಜ್ಜಿದ್ದಕ್ಕೆ ಇಡೀ ನೆಲಕ್ಕೆ ಇಪ್ಪತ್ತೆರಡೇ ಪೇಪರ್ ಸಾಕಾಯಿತು.

ಮ್ಯಾಟ್ ಪಿಯು ಮೊದಲ ಪರೀಕ್ಷೆಯಲ್ಲಿ ಕಿಟಕಿ ಬದಿ ಸುಲಿದು ಬಂತು, ಅಲ್ಲಿ ಮತ್ತೆ ಹೆರೆದು ಹಚ್ಚಿದೆವು. ಈಗ ಹಿಡಿದಿದೆ. ಸೋರಿದ ಕಡೆಯ ಕಪ್ಪು ಎರಡು ಸಲ ಆಸಿಡ್ ಹಚ್ಚಿದ ಮೇಲೆ ಹೋಯಿತು. ಮೊಳೆಯ ಸುತ್ತಿನದ್ದು ಸ್ವಲ್ಪ ಉಳಿದಿದೆ, ಇರಲಿ ಎಂದು ಬಿಟ್ಟೆವು.

ಒಂದು ತಪ್ಪು ಆಯಿತು, ಮುಂದೆ ಓದುವವರಿಗೆ ಹೇಳಿಬಿಡುತ್ತೇನೆ. ಅಜ್ಜಿಯ ಟ್ರಂಕನ್ನು ಬೇಗನೆ ತಂದಿಟ್ಟೆವು. ಮೊನ್ನೆ ಸರಿಸಿ ನೋಡಿದರೆ ಸುತ್ತ ಎಲ್ಲ ಜೇನು ಬಣ್ಣ, ಟ್ರಂಕಿನ ಅಡಿಯಲ್ಲಿ ಮಾತ್ರ ಅಚ್ಚು ಹಳದಿ ಚೌಕ. ಈಗ ಅದನ್ನು ಗೋಡೆ ಬದಿಗೆ ಇಟ್ಟು ಕಿಟಕಿ ತೆರೆದಿದ್ದೇವೆ, ಆ ಚೌಕಕ್ಕೂ ಬೆಳಗ್ಗಿನ ಬಿಸಿಲು ಬೀಳುತ್ತಿದೆ.