ಸಹಾಯ ಬೇಕು: ಬಟನ್ ಒತ್ತಿದ್ರೂ ಬೆಲ್ಟ್ ಯಾಕೆ ಹೋಗಲ್ಲ ಅಂತ ಆಪರೇಟರ್‌ಗೆ ಹೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ವಸಂತನರಸಾಪುರದಲ್ಲಿ ಒಂದು ಪ್ಯಾಕಿಂಗ್ ಲೈನ್‌ಗೆ ಪಿಎಲ್‌ಸಿ (ಯಂತ್ರ ನಡೆಸೋ ಕೈಗಾರಿಕಾ ಕಂಪ್ಯೂಟರ್) ಲಾಜಿಕ್ ಕೈಯಲ್ಲಿ ಬರೆಯೋದು ಬಿಟ್ಟು ಸೂಪರ್‌ವೈಸರಿ ಕಂಟ್ರೋಲರ್ ಸಿಂಥೆಸಿಸ್ ಮಾಡಿದ್ದೀವಿ. 1980ರ ದಶಕದಲ್ಲಿ ರಾಮಡ್ಜ್ ಮತ್ತು ವೊನಮ್ ಅನ್ನೋ ಸಂಶೋಧಕರು ಕಟ್ಟಿದ ಸಿದ್ಧಾಂತ; ನಾವು ಬಳಸಿದ್ದು ಇದನ್ನ ಮಾಡಿಕೊಡೋ ಸಿಐಎಫ್ ಅನ್ನೋ ಸಾಫ್ಟ್‌ವೇರ್ ಟೂಲ್. ಯಂತ್ರದ ಮಾದರಿ, ನಿಯಮ ಕೊಟ್ಟರೆ ಕಂಟ್ರೋಲರ್ ತಾನೇ ಬರುತ್ತೆ. ನಿಯಮ ಮುರಿಯಲ್ಲ, ಲೈನ್ ಸಿಕ್ಕಿಹಾಕಿಕೊಳ್ಳಲ್ಲ, ಅಗತ್ಯಕ್ಕಿಂತ ಹೆಚ್ಚು ತಡೆಯೋದೂ ಇಲ್ಲ. ಅಲ್ಲಿಗೆ ಸಂತೋಷ.

ತಲೆನೋವು ಆಮೇಲಿನದು. ಬಾಕ್ಸ್ ಸಾಗಿಸೋ ಎರಡನೇ ಬೆಲ್ಟಿನ ಸ್ಟಾರ್ಟ್ ಒತ್ತಿದ್ರೆ ಕೆಲವೊಮ್ಮೆ ಅಲುಗಾಡಲ್ಲ. ಆಪರೇಟರ್ "ಸೆನ್ಸರ್ ಕೆಟ್ಟೋಗೈತೆ ಸಾರ್" ಅಂತಾರೆ. ಸೆನ್ಸರ್ ಗಟ್ಟಿಯಾಗೇ ಇದೆ. ಬಾಕ್ಸ್ ಬಂತು ಅನ್ನೋ ಸಿಗ್ನಲ್ಲನ್ನ ಕಂಟ್ರೋಲರ್ ತಡೆಯೋಕಾಗಲ್ಲ, ಅದಕ್ಕೇ ಅಪಾಯಕ್ಕೆ ಎರಡು ಹೆಜ್ಜೆ ಮುಂಚೇನೇ ಮೋಟರ್ ಹಿಡಿದಿರುತ್ತೆ. ಆದರೆ ಕಾರಣ ಅಂತ ಟೂಲ್ ಕೊಡೋದು ಬೈನರಿ ಡಿಸಿಷನ್ ಡಯಾಗ್ರಂನಿಂದ (ಹೌದು-ಇಲ್ಲ ಷರತ್ತುಗಳನ್ನ ಟೂಲ್ ಒಳಗೆ ಜೋಡಿಸಿಡೋ ರೀತಿ) ಇಳಿದ ಅರ್ಧ ಪುಟದ 'ಮತ್ತು, ಅಥವಾ' ಷರತ್ತು. ಸರಳಗೊಳಿಸೋ ಆಯ್ಕೆ ಹಾಕಿದ್ರೂ ನಾವು ಬರೆದ ಯಾವ ನಿಯಮದಿಂದ ಬಂತು ಅಂತ ಗೊತ್ತಾಗಲ್ಲ. ಇದನ್ನ ಸ್ಕ್ರೀನಿಗೆ ಹಾಕಿದ್ರೆ ಬೈಸಿಕೊಳ್ತೀನಿ ಅಷ್ಟೇ.

ತಡೆ ಬಂದದ್ದು ನೇರ ನಿಯಮದಿಂದಲೋ, ತಡೆಯಲಾಗದ ಸಿಗ್ನಲ್‌ನಿಂದಲೋ, ಮುಂದೆ ಕೆಲಸ ಮುಗಿಯಲ್ಲ ಅಂತಲೋ ವಿಂಗಡಿಸಿ ತೋರಿಸಿದವರು ಯಾರಾದ್ರೂ ಇದ್ದೀರಾ? ಮೊದಲೆರಡಕ್ಕೆ "ಈಗ ಬಿಟ್ರೆ ಹೀಗಾಗುತ್ತೆ" ಅನ್ನೋ ಚಿಕ್ಕ ಉದಾಹರಣೆ ಸಾಕು ಅನ್ನಿಸುತ್ತೆ. ಮೂರನೆಯದಕ್ಕೆ ಒಂದು ದಾರಿ ತೋರಿಸಿದ್ರೆ ಸಾಲಲ್ಲ, ಯಾವ ದಾರಿ ಹಿಡಿದ್ರೂ ಮುಗಿಯಲ್ಲ ಅಂತ ಹೇಳಬೇಕಲ್ಲ, ಅಲ್ಲೇ ನಿಂತಿದ್ದೀನಿ. ಸ್ಕ್ರೀನಲ್ಲಿ ಜಾಗ ಇರೋದು ಕನ್ನಡದ ಒಂದೇ ಸಾಲಿಗೆ. ಮಾದರಿಯ ಫೈಲ್ ಬೇಕಿದ್ರೆ ಇಲ್ಲೇ ಹಾಕ್ತೀನಿ.